ಎಡಬದಿ ಹದಿಮೂರು

ಮಿಲ್ಲು ಮುಚ್ಚುವವರೆಗೆ ಹತ್ತಿ ಅಂಡಿಗೆಯ ತೂಕ ಬರೆದವನು ನಾನು.
ಈಗ ಸಂಜೆ ಆರರಿಂದ ಎಂಟು
ಮನೆಯ ಕಟ್ಟೆಯ ಮೇಲೆ ಹತ್ತನೆಯ ಕ್ಲಾಸಿನ ಗಣಿತ.
ತಕ್ಕಡಿ ಹೇಗೋ ಸಮೀಕರಣವೂ ಹಾಗೇ:
ಎಡಬದಿ, ಬಲಬದಿ,
ಮುಳ್ಳು ನಿಲ್ಲುವ ಜಾಗದಲ್ಲಿ ಎರಡು ಗೀಟು.

ಬಿಂದು ರೇಖೆಯ ಮೇಲಿದೆಯೇ ಎಂದು
ಕಣ್ಣನ್ನು ಕೇಳಬೇಡಿ, ಅನ್ನುತ್ತೇನೆ.
ಪೆನ್ಸಿಲ್ಲಿನ ಮೊನೆ ದಪ್ಪ, ರೇಖೆಗೆ ಅಗಲವೇ ಇಲ್ಲ.
ಬೆಲೆ ಹಾಕಿ ನೋಡಿ.
ಪಠ್ಯಪುಸ್ತಕದ ಮಾತಿನಲ್ಲಿ: ಆದೇಶಿಸಿ.
ಅಕ್ಷರ ಹೋಗಿ ಅಕ್ಷರ ಬಂದರೆ ಆದೇಶಸಂಧಿ,
ಅಕ್ಷರ ಹೋಗಿ ಅಂಕಿ ಬಂದರೆ ನಮ್ಮದು.

"ಹಂಗಾದ್ರೆ ಪಾಲಿಕೆಯೋರು ಕಳ್ಸಿರೋ ಆದೇಶ ಯಾವ್ದು ಸರ್?"

ಕೇಳಿದವಳು ಉಮ್ಮೇಹಾನಿ.
ಮಂಡಕ್ಕಿ ಭಟ್ಟಿಯ ಓಣಿಯಿಂದ ಬರುವ ಹುಡುಗಿ,
ರೆಪ್ಪೆಯ ಮೇಲೆ ಯಾವಾಗಲೂ
ಒಂದಿಷ್ಟು ಹೊಟ್ಟಿನ ಬೂದಿ.

ರಸ್ತೆ ಅಗಲ ಮಾಡುವವರು ಬಂದಿದ್ದರಂತೆ.
ಕೆಂಪು ಬಳಿದ ಎರಡು ಕಲ್ಲು ನೆಟ್ಟು
ನಡುವೆ ಏನೂ ಗೀಚದೆ ಹೋದರಂತೆ.
ಎರಡು ಬಿಂದು ಸಾಕಲ್ಲ, ರೇಖೆ ಹಾಯುವುದಕ್ಕೆ.
ಅದನ್ನು ನಾನೇ ಕಲಿಸಿದ್ದೆ, ಜೂನ್ ತಿಂಗಳಲ್ಲಿ.

ಬೀದಿ ನಲ್ಲಿಯೇ ಮೂಲಬಿಂದು.
ಹತ್ತು ಹೆಜ್ಜೆಗೆ ಒಂದು ಮಾನ.
ಅಡ್ಡಲಾಗಿ ಅರವತ್ತು ಹೆಜ್ಜೆಗೆ ಒಂದು ಕಲ್ಲು,
ನೆಟ್ಟಗೆ ನಲವತ್ತಕ್ಕೆ ಇನ್ನೊಂದು.
ಅಪ್ಪನ ಚಪ್ಪಲಿ ಹಾಕಿಕೊಂಡು ಅಳೆದಳಂತೆ,
ಹೆಜ್ಜೆ ದೊಡ್ಡವರದಾಗಲಿ ಎಂದು.
ಎರಡು ಎಕ್ಸ್, ಮೂರು ವೈ, ಕೂಡಿದರೆ ಹನ್ನೆರಡು:
ನಾನು ಹೇಳಿಕೊಟ್ಟದ್ದಲ್ಲ, ಅವಳೇ ತಂದದ್ದು.
ಹನ್ನೆರಡಕ್ಕೆ ಕಡಿಮೆ ಬಂದರೆ ರಸ್ತೆಗೆ,
ಸರಿಯಾಗಿ ಹನ್ನೆರಡೇ ಬಂದರೂ ರಸ್ತೆಗೆ.

"ನಮ್ಮ ಭಟ್ಟಿ (2, 3) ರಲ್ಲಿ ಐತಿ ಸರ್."
ಎಕ್ಸಿಗೆ ಮೂರು ಹಾಕಿದಳು, ವೈಗೆ ಎರಡು. ಅವಸರ.
ಆರು. ಮತ್ತೆ ಆರು.
ಪೆನ್ನು ಕೆಳಗಿಟ್ಟಳು.
ಉಳಿದ ಹುಡುಗರೂ ಸುಮ್ಮನಾದರು.
ಅಶೋಕ ರಸ್ತೆಯ ಗೇಟು ಬಿದ್ದಿರಬೇಕು,
ಸಾಲುಗಟ್ಟಿ ನಿಂತ ಗಾಡಿಗಳ ಹಾರ್ನು.

ನೋಡವ್ವಾ, ಅಂದೆ, ಅಡ್ಡದ್ದು ಮೊದಲು, ಉದ್ದದ್ದು ಆಮೇಲೆ.
ಸಾರಿಗೆ ಉಪ್ಪು ಮೊದಲೋ ಹುಳಿ ಮೊದಲೋ, ನಡೆದೀತು.
ಇಲ್ಲಿ ಸಾಲು ತಪ್ಪಿದರೆ ಮನೆಯೇ ಬೇರೆ.

ನಾಲ್ಕು. ಒಂಬತ್ತು. ಎಡಬದಿ ಹದಿಮೂರು.
"ಒಂದು ಜಾಸ್ತಿ! ಗೆರೆ ಮ್ಯಾಲಿಲ್ಲ ಸರ್, ಆಚಿಗೈತಿ!"
ಕಟ್ಟೆಯಿಂದ ಎದ್ದೇಬಿಟ್ಟಳು.
ನಿಂತವಳು ಹಾಳೆಗೆ ಬಗ್ಗಿ
ಹೊಡೆದು ಹಾಕಿದ್ದ ಲೆಕ್ಕವನ್ನೇ ಮತ್ತೆ ಓದಿದಳು.
"(3, 2) ರಲ್ಲಿ ಚೌಡಕ್ಕ ಅದಾಳಲ್ಲ ಸರ್,
ಚೀಲ ಹೊಲಿಯಾಕಿ.
ನಮ್ಮ ಮಂಡಕ್ಕಿಗೆಲ್ಲ ಅಕೀದೇ ಚೀಲ."

ತಪ್ಪೆಂದು ನಾನು ತಿದ್ದಿಸಿದ್ದು
ಇನ್ನೊಂದು ಮನೆಯ ಸರಿ ಲೆಕ್ಕ.

ಮಿಲ್ಲಿನಲ್ಲಿ ಒಂದು ಹೆಚ್ಚು ಬಂದರೆ
ಗೋಣಿತಾಟಿನ ತೂಕವೆಂದು ಕಳೆಯುತ್ತಿದ್ದೆವು.
ಇಲ್ಲಿಯ ಒಂದು ಎಷ್ಟು ಹೆಜ್ಜೆ?
ಅದು ಪಿಯುಸಿ ಪಾಠ, ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.
ಎಲ್ಲರೂ ಹೋದ ಮೇಲೆ ಮಾಡಿ ನೋಡಿದೆ:
ಅವಳಪ್ಪನ ಚಪ್ಪಲಿಯಲ್ಲಿ ಮೂರು ಹೆಜ್ಜೆ,
ಅದಕ್ಕೂ ಒಂಚೂರು ಕಡಿಮೆ.
ಭಟ್ಟಿಯೇನು ಬಿಂದುವೇ?
ಗೋಡೆ ಇದೆ, ಹೊಟ್ಟಿನ ರಾಶಿ ಇದೆ, ಕಾದ ಮರಳಿದೆ,
ಬಾಣಲೆಯ ಮುಂದೆ ಕೂತ ಮನುಷ್ಯನೊಬ್ಬನ ಅಗಲವಿದೆ.
ಕಲ್ಲಿಗೆ ಬಳಿದವನ ಬ್ರಷ್ಷೇ ನಾಲ್ಕು ಇಂಚು.

ಗ್ರಾಫ್ ಹಾಳೆ ಬಿಟ್ಟು ಹೋಗಿದ್ದಳು.
ಯಾವನೋ ಅದರ ಮೇಲೇ ಮಿರ್ಚಿ ಇಟ್ಟು ತಿಂದಿದ್ದ.
(2, 3) ರ ಸುತ್ತ ಎಣ್ಣೆ,
ಒಂಬತ್ತರ ಹೊತ್ತಿಗೆ ಗೆರೆಯವರೆಗೆ ಬಂದಿತ್ತು.
ನೆನೆದಷ್ಟು ಜಾಗ ಗಾಜಿನ ಹಾಗೆ ತಿಳಿಯಾಗಿ
ಅಡಿಯಲ್ಲಿದ್ದ ನನ್ನ ತೂಕದ ಪುಸ್ತಕದ
ಹಳೆಯ ಅಂಕಿಯೊಂದು ಕಾಣುತ್ತಿತ್ತು.
ಒಂದೋ, ಏಳೋ.
ಕನ್ನಡಕ ಒಳಗಿತ್ತು.