ದ್ವೀಪದಲ್ಲಿ ನಾಳೆ

ನಾನು ರೈಟರು. ಹಾಗೆಂದರೆ ಬರೆಯುವವನಲ್ಲ,
ಆಲ್ದೂರಿನ ಕಡೆ ಕಾಫಿ ತೋಟದಲ್ಲಿ ಹಾಜರಿ ಹಾಕುವವನು.
ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ಡಬ್ಬಿ ಬಗ್ಗಿಸಿ
ಇಂಚೆಷ್ಟು, ಸೆಂಟೆಷ್ಟು,
ನೀಲಿ ಪುಸ್ತಕದಲ್ಲಿ ಗುರುತು ಹಾಕುವುದೊಂದೇ ನನ್ನ ಸಾಹಿತ್ಯ.
ಸಮುದ್ರ ಕಂಡದ್ದು ಒಮ್ಮೆ, ಮಲ್ಪೆಯಲ್ಲಿ, ನೆಂಟರ ಮದುವೆಗೆ ಹೋದಾಗ.
ಊಟಕ್ಕೆ ಕರೆದರು, ಅರ್ಧ ನೋಡಿ ಬಂದೆ.

ಆದರೂ ಪಂಚಾಂಗದಲ್ಲಿ ಅನುರಾಧಾ ಮಳೆ ಮುಗಿಯುವ ಹೊತ್ತಿಗೆ
ರಾತ್ರಿ ಮಲಗುವ ಮುಂಚೆ ನಾನು ನೋಡುವುದು
ಅಂಡಮಾನಿನ ಹವೆ. ಚಿಕ್ಕಮಗಳೂರಿನದಲ್ಲ.
ನಮ್ಮ ಆಕಾಶ ಸುಳ್ಳು ಹೇಳುತ್ತದೆ,
ಮುಳ್ಳಯ್ಯನಗಿರಿ ಬೋಳಾಗಿ ಕಂಡ ದಿನವೇ ಸಂಜೆ ಸುರಿದದ್ದುಂಟು.
ಆ ದ್ವೀಪಗಳ ಬೆನ್ನಿಗೆ ಗಾಳಿ ಸುತ್ತು ಹಾಕಿ ಕೂತರೆ
ಐದಾರು ದಿನಕ್ಕೆ ನಮ್ಮ ಕಣದಲ್ಲಿ
ಒಣಗಲು ಹರಡಿದ ಮುನ್ನೂರು ಮೂಟೆ ಕಾಫಿಗೆ ಬೂಷ್ಟು.

ಈ ಸಲ ಹವೆಗೊಬ್ಬಳು ಸಾಕ್ಷಿಯೂ ಸಿಕ್ಕಳು.
ರಾಂಚಿ ಕಡೆಯ ಗುಂಪಿನವಳು, ಸೊಮಾರಿ ಲಕ್ಡಾ.
ಹೆಸರು ಕೂಗಿದ ಮೊದಲ ದಿನ ಕಣವೆಲ್ಲ ನಕ್ಕಿತ್ತು.
ಸೋಮವಾರ ಹುಟ್ಟಿದವಳಂತೆ, ಅಷ್ಟೇ.
ಅವಳು ಕುಂಟೆ ಎಳೆದರೆ ಹಿಂದೆ ಕಾಫಿ
ಉತ್ತ ಸಾಲಿನ ಹಾಗೆ ಎದ್ದು ಮಗ್ಗುಲು ಬದಲಿಸುತ್ತದೆ;
ನಕ್ಕವರು ಮಧ್ಯಾಹ್ನಕ್ಕೆ ಬಾಯಿ ಮುಚ್ಚಿದರು.

ಅಜ್ಜನ ಕಾಲದಲ್ಲೇ ಮರ ಕಡಿಯಲು ಹಡಗು ಹತ್ತಿದ ವಂಶ.
ಒಬ್ಬ ಚಿಕ್ಕಮ್ಮ ಈಗಲೂ ಡಿಗ್ಲಿಪುರದಲ್ಲಿ,
ತಗಡಿನ ಮನೆ, ಹದಿನಾಲ್ಕು ತೆಂಗಿನ ಮರ.

ಶನಿವಾರ ಫೋನು ಹೇಳಿತು: ಮುಂದಿನ ನಲವತ್ತೆಂಟು ಗಂಟೆ
ಗುಡುಗು ಮಳೆ, ಗಾಳಿ ಐವತ್ತೈದು ಕಿಲೋಮೀಟರು,
ಮೀನುಗಾರರು ನೀರಿಗೆ ಇಳಿಯಬಾರದು.
ಚಿಕ್ಕಮ್ಮ ಹೇಳಿದಳು: ಕೋಳಿಗಳು ಹಗಲಿಗೇ ಒಳಗೆ ಬಂದಿವೆ,
ಆಕಾಶ ಹಳೇ ಪೆಟ್ಟಿನ ಬಣ್ಣ.
ಹಡಗು ನಿಂತಿದೆ, ಹಾಗಾಗಿ ಈರುಳ್ಳಿ ಇಲ್ಲ.

ಸಾಹುಕಾರರಿಗೆ ತಿಳಿಸಿದೆ. ನಿನಗೆ ಏನನ್ನಿಸುತ್ತೆ ಎಂದರು.
ಫೋನು ಅರವತ್ತು ಪರ್ಸೆಂಟು ಅನ್ನುತ್ತೆ,
ಕೋಳಿ ನೂರಕ್ಕೆ ನೂರು, ಎಂದೆ.
ಗುಪ್ಪೆ ಮಾಡಿಸಿ ಮುಚ್ಚು ಅಂದರು,
ಕೋಳಿ ವಿಷಯ ಯಾರ ಹತ್ತಿರವೂ ಹೇಳಬೇಡ.

ಭಾನುವಾರವಿಡೀ ಟಾರ್ಪಾಲಿನ ಕೆಲಸ.
ಅಂಚಿಗೆ ಕಲ್ಲು, ಕಲ್ಲು ಸಾಲದೆ ಸಿಲ್ವರ್ ಮರದ ದಿಮ್ಮಿ.
ಸೋಮವಾರ ಮೋಡ. ಮಂಗಳವಾರ ಬೆಳಿಗ್ಗೆಯೇ ಸಂಜೆಯಂಥ ಬೆಳಕು.
ಚಿಕ್ಕಮ್ಮನ ಫೋನು ರಿಂಗೇ ಆಗಲಿಲ್ಲ.
ಕಣದ ಕಟ್ಟೆಯ ಮೇಲೆ ಕೂತು ಸೊಮಾರಿ ಒತ್ತುತ್ತಲೇ ಇದ್ದಳು,
ಒಳಗಿನಿಂದ ಯಾರೋ ಹೆಂಗಸು ಅದೇ ಸೌಜನ್ಯದಲ್ಲಿ
ಅದೇ ವಾಕ್ಯ.
ಕೆಲಸವಿಲ್ಲದ ದಿನ ಎಲ್ಲರಿಗೂ ಅರ್ಧ ಹಾಜರಿ.
ಅವಳ ಹೆಸರಿನ ಮುಂದೆ ಪೂರ್ತಿ ಹಾಕಿದೆ.
ಯಾಕೆಂದರೆ, ಹವಾಮಾನ ವರದಿಯ ಕೂಲಿ ಎನ್ನೋಣವೆಂದಿದ್ದೆ.
ಯಾರೂ ಕೇಳಲಿಲ್ಲ.

ಬುಧವಾರ ಸುಳಿ ಉತ್ತರಕ್ಕೆ ತಿರುಗಿ ಬರ್ಮಾದ ಕಡೆ ಹೋಯಿತು.
ಆಲ್ದೂರಿನ ಮೇಲೆ ಬೆಳಗಿ ಕವುಚಿಟ್ಟ ಹಿತ್ತಾಳೆ ತಟ್ಟೆ, ಬಿಸಿಲು.
ಟಾರ್ಪಾಲು ಎತ್ತಿದರೆ ಹಬೆ, ಹುಳಿ ವಾಸನೆ;
ಇನ್ನೊಂದು ದಿನ ಮುಚ್ಚಿದ್ದರೆ ಕೋಳಿಯನ್ನು ನಂಬಿ ಕೆಟ್ಟೆವು ಅನ್ನುತ್ತಿದ್ದರು.
ಬರೆದೆ: ಇಂಚು ಸೊನ್ನೆ, ಸೆಂಟು ಸೊನ್ನೆ.
ಬರೆಯುವಾಗ ಖುಷಿಯಾದದ್ದು ನಿಜ.
ಪಕ್ಕದಲ್ಲಿ ಷರಾ ಎಂಬ ಕಾಲಮ್ಮಿದೆ, ಒಂದು ವಾಕ್ಯಕ್ಕಾಗುವಷ್ಟು ಜಾಗ.
ಪೆನ್ನು ಅಲ್ಲಿಯವರೆಗೆ ಹೋಗಿ ವಾಪಸು ಬಂತು.

ಮೂರು ಗಂಟೆಗೆ ಡಿಗ್ಲಿಪುರ ಸಿಕ್ಕಿತು.
ತಗಡು ಹಾರಿದೆ. ಕೋಳಿಗಳಿವೆ.
ತೆಂಗು ಎಷ್ಟು ಉಳಿದವೆಂದು ಇನ್ನೂ ಎಣಿಸಿಲ್ಲ.
ಅದಿರಲಿ, ನಿಮ್ಮ ಕಾಫಿ ಒಣಗಿತಾ, ಎಂದಳಂತೆ ಚಿಕ್ಕಮ್ಮ.
ಸೊಮಾರಿ ಕುಂಟೆಯನ್ನು ನನ್ನ ಕೈಗೆ ಕೊಟ್ಟು
ಫೋನನ್ನು ಕಣದ ಕಡೆ ತಿರುಗಿಸಿ ಹಿಡಿದಳು.

ಎಷ್ಟೋ ವರ್ಷದ ಮೇಲೆ ಎಳೆದೆ. ಸಾಲು ಸೊಟ್ಟಗೆ ಬಂತು.
ಮಾಡಿಲ್ಲದ ಮನೆಯಿಂದ ಯಾರೋ ನಕ್ಕದ್ದು ಕೇಳಿಸಿತು.