ವಿರಾಜಪೇಟೆಯಲ್ಲಿ ನಾಲ್ಕೂವರೆ ಗಂಟೆ

ಮಲಗುವುದನ್ನು ನಾನು ಕಲಿತದ್ದು ದೋಹಾದಲ್ಲಿ,
ಹದಿನೇಳನೇ ಗೇಟಿನೆದುರು, ಕಾರ್ಪೆಟ್ಟಿನ ಮೇಲೆ.
ಬ್ಯಾಗಿನ ಪಟ್ಟಿ ಕಣಕಾಲಿಗೆ ಎರಡು ಸುತ್ತು,
ಪಾಸ್‌ಪೋರ್ಟು ರವಿಕೆಯೊಳಗೆ,
ತಲೆಯಡಿ ಚಪ್ಪಲಿ, ಅದರ ಮೇಲೆ ಶಾಲು,
ಚಪ್ಪಲಿಯೆಂದು ಕೆನ್ನೆಗೂ ತಿಳಿಯದ ಹಾಗೆ.
ಒಂದು ಕಿವಿಯನ್ನು ಮಾತ್ರ ಎಚ್ಚರ ಬಿಡಬೇಕು.
ಕರೆಯುವ ಹೆಸರುಗಳನ್ನೆಲ್ಲ ಅದು ಸೋಸಿ
ನಮ್ಮದು ಬಂದಾಗಷ್ಟೇ ಎಬ್ಬಿಸುತ್ತದೆ.
ದೇಚಮ್ಮ ಅನ್ನುವುದು ಅವರ ಬಾಯಲ್ಲಿ
ಡೆಚಾಮಾ. ಅದಕ್ಕೂ ಏಳಬೇಕು.

ಮುಂಬಯಿಯಲ್ಲಿ, ಯಾರೂ ಮಲಗಬಾರದೆಂದೇ
ನಡುನಡುವೆ ಕಬ್ಬಿಣದ ಕೈ ಇಟ್ಟ ಕುರ್ಚಿಗಳು.
ಅದರಡಿ ಮೈಯನ್ನು ಪೋಣಿಸಿಕೊಂಡೆ,
ಸೂಜಿಗೆ ದಾರದಂತೆ.
ಬೆಳಿಗ್ಗೆ ಬಿಡಿಸಿಕೊಳ್ಳಲು ಮಾತ್ರ
ಕಸ ಗುಡಿಸುವವಳು ಕಾಲು ಹಿಡಿದು ಎಳೆಯಬೇಕಾಯಿತು.

ಇವತ್ತು ಕಣ್ಣೂರಿನಲ್ಲಿ ಇಳಿದೆ, ರಾತ್ರಿ ಹತ್ತಕ್ಕೆ.
ಮಾಕುಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವಾಗಲೇ ಗೊತ್ತಾಯಿತು,
ಬಂದೆ.
ವಿರಾಜಪೇಟೆ ತಲುಪಿದ್ದೇ ಕುಂಞಾಲಿ ಟ್ಯಾಕ್ಸಿ ನಿಲ್ಲಿಸಿ
ಮೊಬೈಲು ನೋಡಿದ.
ಅಮ್ಮತ್ತಿ ರಸ್ತೆಯಲ್ಲಿ ಹನ್ನೊಂದು ಆನೆ, ಎರಡು ಮರಿ.
'ಇನ್ನು ಮುಂದಕ್ಕೆ ನಾನಿಲ್ಲ ಚೇಚಿ.'
ಮೂರು ದೇಶ ದಾಟಿ ಬಂದವಳು
ಮನೆಗೆ ಹದಿನೆಂಟು ಕಿಲೋಮೀಟರ್ ಇರುವಾಗ
ಬಸ್‌ಸ್ಟ್ಯಾಂಡಿನಲ್ಲಿ ಕೂತೆ.
ಮೊದಲ ಬಸ್ಸು ಆರಕ್ಕೆ.

ಸಿಮೆಂಟಿನ ಬೆಂಚು. ಕೈಗಳಿಲ್ಲ,
ಉದ್ದಕ್ಕೆ ಕಾಲು ಚಾಚಬಹುದು, ಅದೊಂದು ಉಪಕಾರ.
ಜನವರಿಯ ಚಳಿ ಬೆಂಚಿನೊಳಗಿಂದಲೇ ಹುಟ್ಟಿ ಬರುತ್ತಿದೆ.
ಮಂಕಿ ಟೋಪಿಯ ಕಾವಲಿನವನು ರಟ್ಟು ಸುಡುತ್ತ ಕೇಳಿದ:
'ಯಾವ ಮನೆ?'
ಹದಿನಾಲ್ಕು ವರ್ಷಗಳಲ್ಲಿ ಯಾವ ಕೌಂಟರಿನಲ್ಲೂ
ಹೀಗೆ ಕೇಳಿರಲಿಲ್ಲ.
ಹೇಳಿದೆ. 'ಓ, ಬೋಪಯ್ಯನ ತಂಗಿಯೋ' ಎಂದು
ಬೆಂಕಿಯನ್ನು ಒಂದಿಷ್ಟು ನನ್ನ ಕಡೆ ಸರಿಸಿದ.

ಪಕ್ಕದಲ್ಲಿ ಅಸ್ಸಾಮಿನ ಒಂದು ಸಂಸಾರ,
ತೋಟದ ಜೀಪು ಬರುವುದಂತೆ, ಕಾಫಿ ಕುಯ್ಯಲಿಕ್ಕೆ.
ಮಗು ಗೋಣಿಚೀಲದೊಳಗೆ, ಮೂಗಷ್ಟೇ ಹೊರಗೆ.
ಅದರ ಅಮ್ಮ ಚೀಲದ ಹಗ್ಗವನ್ನು
ತನ್ನ ಮಣಿಕಟ್ಟಿಗೆ ಸುತ್ತಿಕೊಂಡಿದ್ದಾಳೆ. ಎರಡು ಸುತ್ತು.
ನಾನು ನನ್ನ ಕಾಲು ತೋರಿಸಿದೆ.
ನಕ್ಕಳು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಅಣ್ಣನ ಮೆಸೇಜು: ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸು,
ಹತ್ತಕ್ಕೇ ಬಾ, ಫೋಟೋ ಎರಡು ತಾ.
ಹಕ್ಕು ಖುಲಾಸೆ. ಬಾಣೆಯಲ್ಲಿ ನನ್ನದೆಂಬ ಪಾಲು ಏನಿದೆಯೋ
ಅದನ್ನು ಸ್ವಸಂತೋಷದಿಂದ ಬಿಟ್ಟಿದ್ದೇನೆಂದು
ಹೇಳಬೇಕು. ಹೆಬ್ಬೆಟ್ಟನ್ನೂ ಕೊಡಬೇಕು.
ಆಫೀಸು ಇಲ್ಲಿಂದ ಕೂಗಳತೆ.
ಬೇಕಾದರೆ ಮನೆಗೆ ಹೋಗದೆಯೇ ಸಹಿ ಹಾಕಿ
ಮತ್ತೆ ಘಾಟಿ ಇಳಿಯಬಹುದು,
ಯಾವ ಸೀಲನ್ನೂ ಒತ್ತಿಸಿಕೊಳ್ಳದೆ
ಒಂದು ದೇಶದ ಹೊಟ್ಟೆಯೊಳಗೆ ರಾತ್ರಿ ಕಳೆದು
ಇನ್ನೊಂದಕ್ಕೆ ಹಾರಿಬಿಡುತ್ತೇವಲ್ಲ, ಹಾಗೆ.

ನಿದ್ದೆ ಬಂತೋ ಇಲ್ಲವೋ.
ಆನೆಗಳನ್ನೇ ನೆನೆಯುತ್ತಿದ್ದೆ.
ಅವಕ್ಕೂ ಎಲ್ಲಿಗೋ ಹೋಗಲಿಕ್ಕಿದೆ,
ಕಾಡಿಗೂ ಕಾಡಿಗೂ ನಡುವೆ ನಾವು ಗಿಡ ನೆಟ್ಟು ಕೂತಿದ್ದೇವೆ.
ಮರಿಗಳು ಮಲಗಿರಬಹುದು ರಸ್ತೆಯಲ್ಲೇ,
ಡಾಂಬರಿನಲ್ಲಿ ಉಳಿದ ಹಗಲಿನ ಬಿಸಿಗೆ,
ಸುತ್ತ ನಾಲ್ಕು ನಾಲ್ಕು ಕಾಲುಗಳ ಕಂಬ.
ಅಜ್ಜಿಯಾನೆ ಒಂದು ಕಿವಿ ಬಿಚ್ಚಿ ನಿಂತಿರಬಹುದು.
ನಮ್ಮ ಬಾಣೆಯ ಹಲಸಿನ ಮರ ಅದಕ್ಕೆ ಗೊತ್ತು,
ಈಗ ನನಗಿಂತ ಚೆನ್ನಾಗಿ ಗೊತ್ತು.
ಅದರ ಪಾಲನ್ನು ಯಾರೂ ಬರೆಸಿಕೊಂಡಿಲ್ಲ.

ಗಡಿಯಾರ ಕಂಬದ ಕಡೆಯಿಂದ
ಹಾಲಿನ ಕ್ಯಾನುಗಳ ಸದ್ದು. ಕತ್ತಲು ತೆಳ್ಳಗಾಯಿತು.
ಜೀಪು ಯಾವಾಗಲೋ ಬಂದು ಹೋಗಿತ್ತು,
ಗೋಣಿ ಇದ್ದ ಜಾಗದಲ್ಲಿ
ಬೆಂಚು ಅಷ್ಟು ಮಾತ್ರ ಒಣಗಿತ್ತು.

'ಅಮ್ಮತ್ತಿ, ಸಿದ್ದಾಪುರ, ಅಮ್ಮತ್ತೀ...'
ಕಂಡಕ್ಟರು ನನ್ನ ಹೆಸರು ಕೂಗಲಿಲ್ಲ,
ಊರಿನದನ್ನು ಕೂಗಿದ. ಕಿವಿ ಎಬ್ಬಿಸಿತು.
ಆನೆ ದಾಟಿದವಾ ಎಂದೆ.
'ದಾಟಿರಬೇಕು, ನೋಡುವ' ಎಂದ.
ಪಟ್ಟಿ ಬಿಚ್ಚುವುದನ್ನು ಮರೆತು ಹೆಜ್ಜೆ ಇಟ್ಟೆ.
ಬ್ಯಾಗು, ಮರಿಯ ಹಾಗೆ, ಹಿಂದೆಯೇ ಬಂತು.