ವಾರಕ್ಕೆ ಇಪ್ಪತ್ತು ಪದ

ಹದಿನಾರು ವರ್ಷ ಹೀಗೇ ನಡೆಯಿತು:
ಸೋಮವಾರ ಬೋರ್ಡಿನ ಮೇಲೆ ಇಪ್ಪತ್ತು ಪದ,
ಎದುರಿಗೆ ಇಪ್ಪತ್ತು ಅರ್ಥ,
ಶುಕ್ರವಾರ ಟೆಸ್ಟು.
ಶನಿವಾರದ ಹೊತ್ತಿಗೆ ತಲೆಗಳೆಲ್ಲ
ಒರೆಸಿದ ಬೋರ್ಡಿನಷ್ಟೇ ಸ್ವಚ್ಛ.

ಈ ನವೆಂಬರಿನಲ್ಲಿ ಗಂಟಲು ಕೈಕೊಟ್ಟಿತು.
ಡಾಕ್ಟರು ಒಂದು ವಾರ ಮಾತಾಡಬೇಡಿ ಎಂದರು.
ಬೋರ್ಡಿನ ಮೇಲೆ ಬರೆದೆ, ಕನ್ನಡದಲ್ಲೇ:
ಪದ ನಾನು ಕೊಡುವುದಿಲ್ಲ. ನೀವೇ ಹಿಡಿದು ತನ್ನಿ.
ಹಿಂದಿನ ಬೆಂಚಿನಿಂದ ಯಾರೋ, "ಎಷ್ಟು ಮಾರ್ಕು ಸರ್?"
ನಾನು ಮೂಗ. ಉತ್ತರಿಸುವ ಕರ್ಮ ತಪ್ಪಿತು.

ಪ್ರಜ್ಞೇಶ ತಂದದ್ದು ಶ್ಯಾಂಪೂ ಪ್ಯಾಕೆಟಿನ ಬೆನ್ನಿನಿಂದ,
ಹನ್ನೊಂದು ಪದ, ಒಂದೂ ಬಾಯಲ್ಲಿ ತಿರುಗುವುದಿಲ್ಲ.
ವೆಲಿಟಾ ಡಿಸಿಲ್ವ, ಅಜ್ಜಿಯ ಆಸ್ಪತ್ರೆ ಫೈಲಿನಿಂದ
‘ಬಿನೈನ್’ ಎಂಬುದನ್ನು ಹೊತ್ತು ತಂದಳು;
ಡಿಕ್ಷನರಿ ನೋಡಿದ ರಾತ್ರಿ
ಮನೆಯವರೆಲ್ಲ ಒಂಬತ್ತು ದಿನದ ಮೇಲೆ ಸರಿಯಾಗಿ ಉಂಡರಂತೆ.

ಮುಫೀದಾ ತಂದದ್ದು ಒಂದೇ.
ಕಸಬಾ ಬೆಂಗ್ರೆಯವಳು, ದಿನಾ ಫೆರಿ ದಾಟಿ
ಬಂದರಿನ ಮೀನುಲಾರಿಗಳ ನಡುವೆ ನಡೆದು ಬರುವವಳು.
ಧಕ್ಕೆಯಲ್ಲಿ ಅಂಟಿಸಿದ್ದ ಉಬ್ಬರದ ವೇಳಾಪಟ್ಟಿಯಲ್ಲಿ
ಸಿಕ್ಕಿತಂತೆ: ‘ಎಬ್’.
ಮೊದಲು ‘ಅಲೆ’ ಎಂದು ಊಹಿಸಿ ಹೊಡೆದು ಹಾಕಿದ್ದಳು,
ಆಮೇಲೆ ‘ಗಂಟೆ’, ಅದನ್ನೂ ಹೊಡೆದು
ಮೂರನೆಯದು, ಡಿಕ್ಷನರಿಯಿಂದ, ‘ಇಳಿತ’.
ಕೆಳಗೆ ಪೆನ್ಸಿಲಿನಲ್ಲಿ:
ನಮ್ಮ ದೋಣಿ ಬೆಳಿಗ್ಗೆ ಓರೆಯಾಗಿ ಹೋಗುವುದು ಇದರಿಂದ.

ಒಂದೇನಾ ಎಂದು ಬೆರಳೆತ್ತಿ ಕೇಳಿದೆ.
"ಹತ್ತೊಂಬತ್ತು ವರ್ಷ ದಾಟಿದ್ದೇನೆ ಸರ್,
ಅದಕ್ಕೆ ಇಷ್ಟು ಸಣ್ಣ ಹೆಸರು ಅಂತ ಗೊತ್ತಿರಲಿಲ್ಲ."
ಮತ್ತೆ, ಕೂರುವ ಮೊದಲು,
"ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ನಿಲ್ಲುತ್ತದಲ್ಲ,
ಅದಕ್ಕೆ ಎಂತ ಹೇಳುವುದು?"

ಗಂಟಲಿಲ್ಲದ್ದು ಒಳ್ಳೆಯದಾಯಿತು.
ನನಗೆ ಗೊತ್ತಿರಲಿಲ್ಲ.

ರಾತ್ರಿ ದಪ್ಪ ಡಿಕ್ಷನರಿಯ ಧೂಳು ಕೊಡವಿ
ಹುಡುಕಿ ಹುಡುಕಿ ಎರಡು ಪದದ ಉತ್ತರ ಹಿಡಿದೆ.
ಹೇಳಲಿಲ್ಲ ಅವಳಿಗೆ. ಸ್ವರ ಮರಳಿದ ಮೇಲೂ ಹೇಳಲಿಲ್ಲ.
ಹೇಳಿದ್ದರೆ
ಅದು ಇಪ್ಪತ್ತೊಂದನೆಯದಾಗುತ್ತಿತ್ತು.

ಬದಲಿಗೆ ಒಂದು ಸಂಜೆ, ಹತ್ತು ರೂಪಾಯಿಯ ಪುಸ್ತಕ ಕಿಸೆಯಲ್ಲಿಟ್ಟು
ಬೆಂಗ್ರೆಯ ಫೆರಿ ಹತ್ತಿದೆ.
ಎದುರು ಹಲಗೆಯಲ್ಲಿ ಮುಫೀದಾ, ಮಡಿಲಲ್ಲಿ ಏನೋ ಬರೆಯುತ್ತಿದ್ದಳು,
ತಲೆ ಎತ್ತಲಿಲ್ಲ.
ನಡುಹೊಳೆಯಲ್ಲಿ ನೀರು ನಿಂತಿತ್ತು,
ಅಳಿವೆಯ ಕಡೆಗೂ ಇಲ್ಲ, ಊರಿನ ಕಡೆಗೂ ಇಲ್ಲ.
ಇಂಜಿನ್ನಿನ ಬಳಿಯಿದ್ದವನನ್ನು ಕೇಳಿದೆ,
ಇದಕ್ಕೆ ನಿಮ್ಮಲ್ಲಿ ಎಂತ ಹೆಸರು?
ಅವನು ನೀರನ್ನೊಮ್ಮೆ ನೋಡಿ,
"ಹೆಸರೆಂಥದ್ದು ಮಾರಾಯ್ರೆ, ಆಗ ನಾವು ಬೀಡಿ ಹಚ್ಚುವುದು."

ಬರೆದುಕೊಂಡೆ.
ಸ್ಪೆಲ್ಲಿಂಗ್ ಸರಿಯಿರಬೇಕು.